ಮುಖವಾಡ ಎಷ್ಟನೇ ಪುಟದಲ್ಲಿ ಕಳಚಬೇಕು? ಹಳೆಯ ತೋಳಮಾನವ ಕಥೆಗಳೂ ಕಾಮಿಕ್ಸೂ

ರಾತ್ರಿ ಹೊತ್ತು ಕಾಡುದಾರಿಯಲ್ಲಿ ಇಬ್ಬರು ನಡೆಯುತ್ತಿದ್ದಾರೆ. ಒಬ್ಬ ದ ಮೊಂಟೂರ್ ಎಂಬ ಫ್ರೆಂಚ್ ಪ್ರಯಾಣಿಕ. ಇನ್ನೊಬ್ಬ ಮುಖವಾಡ ಹಾಕಿಕೊಂಡ ಅಪರಿಚಿತ. ಮುಖವಾಡ ಯಾಕಪ್ಪಾ ಅಂತ ಕೇಳಿದರೆ, ನಾಯಿಗಳ ಹಿಂಡು ಅಟ್ಟಿಸಿಕೊಂಡು ಬಂದಾಗ ಹೊತ್ತ ಹರಕೆ ಇದು ಅನ್ನುತ್ತಾನೆ. ನಾಯಿಗಳಾ? ಅಂದ ಕೂಡಲೇ, ಅಲ್ಲ, ತೋಳ ಅಂದೆ ಎಂದು ಮಾತು ತಿದ್ದಿಕೊಳ್ಳುತ್ತಾನೆ. ಅವನ ಹೆಸರು ಕರೋಲಸ್ ಲೆ ಲೂಪ್.

ಕಾನನ್ ಎಂಬ ಕತ್ತಿವೀರನನ್ನು ಸೃಷ್ಟಿಸಿದ ಅಮೆರಿಕನ್ ಲೇಖಕ ರಾಬರ್ಟ್ ಇ. ಹೋವರ್ಡ್ ಈ ಪುಟ್ಟ ಕಥೆಯನ್ನು ಅಚ್ಚಿನಲ್ಲಿ ಕಂಡಾಗ ಅವನಿಗೆ 19 ವರ್ಷ. ‘ಇನ್ ದ ಫಾರೆಸ್ಟ್ ಆಫ್ ವಿಲ್‌ಫೇರ್’, ‘ವಿಯರ್ಡ್ ಟೇಲ್ಸ್’ ಪತ್ರಿಕೆಯ 1925ರ ಆಗಸ್ಟ್ ಸಂಚಿಕೆ. ಅದರ ಮುಂದುವರಿಕೆ ‘ವುಲ್ಫ್ಸ್‌ಹೆಡ್’ 1926ರ ಏಪ್ರಿಲ್‌ನಲ್ಲಿ ಬಂತು, ಆ ಸಂಚಿಕೆಯ ಮುಖಪುಟವೂ ಅದಕ್ಕೇ ಸಿಕ್ಕಿತು. ಸ್ವೋರ್ಡ್ ಅಂಡ್ ಸೋರ್ಸರಿ, ಅಂದರೆ ಕತ್ತಿ-ಮಾಟಗಳ ಸಾಹಸಕಥೆಯ ಪ್ರಕಾರ, ಶುರುವಾದದ್ದು 1929ರಲ್ಲಿ ಇದೇ ಲೇಖಕನ ಕಿಂಗ್ ಕಲ್ ಕಥೆಯಿಂದ ಎನ್ನುವುದು ರೂಢಿಯ ಲೆಕ್ಕ. ಹಾಗೆ ನೋಡಿದರೆ ಇವೆರಡೂ ಆ ಪ್ರಕಾರಕ್ಕಿಂತ ಹಿಂದಿನವು. ಆದರೆ ಕತ್ತಿ, ಶಾಪ, ಕತ್ತಲು, ಒಂಟಿ ಪ್ರಯಾಣಿಕ ಎಲ್ಲವೂ ಆಗಲೇ ಇಲ್ಲಿ ಬಂದು ಕೂತಿವೆ.

ಗದ್ಯದಲ್ಲಿ ‘ಮುಖವಾಡ’ ಎಂದು ಒಮ್ಮೆ ಬರೆದರೆ ಮುಗಿಯಿತು, ನಾಲ್ಕು ವಾಕ್ಯ ಕಳೆಯುವಷ್ಟರಲ್ಲಿ ಓದುಗನಿಗೆ ಅದು ಮರೆತೇ ಹೋಗಿರುತ್ತದೆ. ಕಾಮಿಕ್ಸ್‌ನಲ್ಲಿ ಆ ಮನುಷ್ಯ ಬಂದ ಪ್ರತಿ ಪ್ಯಾನೆಲ್‌ನಲ್ಲೂ, ಅಂದರೆ ಪುಟದ ಒಂದೊಂದು ಚಿತ್ರಚೌಕದಲ್ಲೂ, ಮುಖವಾಡ ಬರೆಯಲೇಬೇಕು. ಮೂರನೇ ಪ್ಯಾನೆಲ್‌ಗೇ ಓದುಗನಿಗೆ ಒಳಗಿರುವುದು ತೋಳ ಅಂತ ಗೊತ್ತಾಗಿಬಿಡುತ್ತದೆ. ತೋಳಮಾನವ ಕಥೆಗಳ ಕಾಮಿಕ್ ರೂಪಾಂತರಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಚಿತ್ರ ಚೆನ್ನಾಗಿರುತ್ತದೆ, ತೋಳ ಭಯಂಕರವಾಗಿರುತ್ತದೆ, ಆದರೆ ಅದನ್ನು ಬರೆಯಬಾರದ ಪುಟದಲ್ಲಿ ಬರೆದಿರುತ್ತಾರೆ.

ಈ ಕಥೆಗಳು ಕಾಮಿಕ್ಸ್‌ಗೆ ಬರಲು ಅಷ್ಟು ತಡವಾದದ್ದಕ್ಕೆ ಕಾರಣವಿದೆ. 1954ರಲ್ಲಿ ಅಮೆರಿಕದ ಪ್ರಕಾಶಕರು ಸರ್ಕಾರದ ಕತ್ತರಿಗೆ ಹೆದರಿ ತಾವೇ ಒಂದು ಕಾಮಿಕ್ಸ್ ಕೋಡ್ ಮಾಡಿಕೊಂಡರು. ನಡೆದಾಡುವ ಹೆಣ, ಚಿತ್ರಹಿಂಸೆ, ರಕ್ತಪಿಶಾಚಿ, ನರಭಕ್ಷಣೆಗಳ ಜೊತೆಗೆ ತೋಳಮಾನವರನ್ನೂ ಅದರಲ್ಲಿ ನೇರವಾಗಿ ಹೆಸರಿಸಿ ನಿಷೇಧಿಸಿದರು. ಕೋಡ್‌ನ ಮುದ್ರೆಯಿಲ್ಲದ ಪುಸ್ತಕವನ್ನು ಬಹುತೇಕ ವಿತರಕರು ಮುಟ್ಟುತ್ತಿರಲಿಲ್ಲ. ಮುಂದಿನ 17 ವರ್ಷ ಕೋಡ್ ಒಪ್ಪಿದ ದೊಡ್ಡ ಕಂಪನಿಗಳ ಬಣ್ಣದ ಕಾಮಿಕ್ಸ್‌ನಲ್ಲಿ ತೋಳಮಾನವನಿಗೆ ಜಾಗವಿರಲಿಲ್ಲ. ಡಿಸಿ ಕಾಮಿಕ್ಸ್ ಕಂಪನಿಯ ‘ಹೌಸ್ ಆಫ್ ಸೀಕ್ರೆಟ್ಸ್’ 83ನೇ ಸಂಚಿಕೆಯಲ್ಲಿ ಈ ಕಥೆ ಹೇಳಿದವನು ಒಬ್ಬ ಅಲೆಮಾರಿ ವುಲ್ಫ್‌ಮನ್ ಎಂಬ ಸಾಲಿತ್ತು. ಕೋಡ್‌ನವರು ಅದಕ್ಕೂ ತಕರಾರು ತೆಗೆದರು. ಅದು ಕಥೆಗಾರ ಮಾರ್ವ್ ವುಲ್ಫ್‌ಮನ್‌ನ ನಿಜವಾದ ಹೆಸರು ಎಂದು ಸಮಜಾಯಿಷಿ ಕೊಡಬೇಕಾಯಿತು, ಅವನ ಹೆಸರನ್ನು ಲೇಖಕನ ಜಾಗದಲ್ಲಿ ಅಚ್ಚು ಹಾಕಬೇಕಾಯಿತು.

1971ರ ಆರಂಭದಲ್ಲಿ ಕೋಡ್ ಸಡಿಲವಾಯಿತು. ಶಾಲೆಗಳಲ್ಲಿ ಓದಿಸುವ ಮಟ್ಟದ ಶಾಸ್ತ್ರೀಯ ಸಾಹಿತ್ಯದ ರೀತಿಯಲ್ಲಿ ಬಳಸುವುದಾದರೆ ರಕ್ತಪಿಶಾಚಿ, ತೋಳಮಾನವ ಇರಬಹುದು ಎಂದರು. ಡಿಸಿಯ ಪ್ರತಿಸ್ಪರ್ಧಿ ಮಾರ್ವೆಲ್ ಕಾಯುತ್ತಲೇ ಇತ್ತು. 1972ರ ಫೆಬ್ರವರಿಯ ‘ಮಾರ್ವೆಲ್ ಸ್ಪಾಟ್‌ಲೈಟ್’ 2ನೇ ಸಂಚಿಕೆಯಲ್ಲಿ ‘ವೇರ್‌ವುಲ್ಫ್ ಬೈ ನೈಟ್’ ಬಂತು. ಬರೆದದ್ದು ಜೆರಿ ಕಾನ್ವೇ, ಚಿತ್ರ ಮೈಕ್ ಪ್ಲೂಗ್. ಅದೇ ವರ್ಷ ಅದಕ್ಕೆ ಸ್ವಂತ ಪತ್ರಿಕೆಯಾಗಿ, 1977ರವರೆಗೆ 43 ಸಂಚಿಕೆ ನಡೆಯಿತು. ಅದು ಆಧುನಿಕ ಕಾಲದ ಕಥೆ, ಕತ್ತಿ ಗಿತ್ತಿ ಇಲ್ಲ. ಆದರೂ ಕೋಡ್‌ನ ನೆರಳಿನಲ್ಲಿ ತೋಳನನ್ನು ಬರೆಯುವ ವ್ಯಾಕರಣ ರೂಪುಗೊಂಡದ್ದು ಅಲ್ಲೇ: ಅಂಗಿ ಹರಿದು ಚಿಂದಿಯಾದರೂ ಪ್ಯಾಂಟ್ ಮಾತ್ರ ಉಳಿಯಬೇಕು, ಉಗುರು ಬೀಸಿದ್ದು ಕಾಣಬಹುದು, ತಗುಲಿದ್ದು ಕಾಣಬಾರದು.

ಹೋವರ್ಡ್ ಕಥೆಗಳ ಕಡೆ ಮಾರ್ವೆಲ್ ಹಿಡಿದ ದಾರಿ ಬೇರೆ. ‘ಕಾನನ್ ದ ಬಾರ್ಬೇರಿಯನ್’ 1970ರ ಅಕ್ಟೋಬರ್‌ನಲ್ಲಿ ಶುರುವಾಗಿತ್ತು. ತಿಂಗಳಿಗೊಂದು ಕಥೆ ಬೇಕು, ಕಾನನ್ ಕಥೆಗಳೋ ಬೆರಳೆಣಿಕೆ. ಹಾಗಾಗಿ ಅದನ್ನು ಬರೆಯುತ್ತಿದ್ದ ರಾಯ್ ಥಾಮಸ್ ಹೋವರ್ಡ್‌ನ ಬೇರೆ ಕಥೆಗಳನ್ನೆಲ್ಲ ತಂದು ನಾಯಕನನ್ನು ಮಾತ್ರ ಬದಲಿಸಿ ಕಾನನ್‌ನನ್ನು ಕೂರಿಸಿದ. 1974ರ ಮೇ ತಿಂಗಳ 38ನೇ ಸಂಚಿಕೆ ‘ದ ವಾರಿಯರ್ ಅಂಡ್ ದ ವೇರ್-ವುಮನ್’ ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರ ಜಾನ್ ಬುಸೆಮಾ. ಮೂಲ ‘ದ ಹೌಸ್ ಆಫ್ ಅರಾಬು’, ಹೋವರ್ಡ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1952ರಲ್ಲಿ ಬೇರೆ ಹೆಸರಿನಲ್ಲಿ ಅಚ್ಚಾದದ್ದು. ಅಲ್ಲಿ ನಾಯಕ ಸುಮೇರಿಯಾದಲ್ಲಿರುವ ಪಿರ್ರಸ್ ಎಂಬ ಗ್ರೀಕ್ ಸೈನಿಕ, ಅವನನ್ನು ಕಾಡುವುದು ಮೆಸೊಪಟೇಮಿಯಾದ ರಾತ್ರಿ ಭೂತ. ಪಿರ್ರಸ್‌ನನ್ನು ತೆಗೆದು ಕಾನನ್‌ನನ್ನು ಇಡುವುದು ಸುಲಭ, ಇಬ್ಬರೂ ದೇಶಬಿಟ್ಟ ಕೂಲಿ ಸೈನಿಕರೇ. ಆದರೆ ಆ ಭೂತದ ಬೇರು ಆ ನೆಲದಲ್ಲಿದೆ. ಅದನ್ನು ಕಾನನ್ ಬದುಕುವ ಕಲ್ಪನೆಯ ಹೈಬೋರಿಯನ್ ಯುಗಕ್ಕೆ ಎತ್ತಿ ನೆಟ್ಟರೆ ಇನ್ನೊಂದು ರಾಕ್ಷಸಿಯಾಗುತ್ತದೆ ಅಷ್ಟೇ.

ದ ಮೊಂಟೂರ್ ವಿಷಯದಲ್ಲಂತೂ ಈ ಉಪಾಯ ನಡೆಯುವುದೇ ಇಲ್ಲ. ಕಾನನ್ ಹೆದರುವವನಲ್ಲ, ಹೆದರಿದರೂ ಮುಂದಿನ ಪ್ಯಾನೆಲ್‌ನಲ್ಲಿ ಕೊಡಲಿ ಎತ್ತುವವನು. ದ ಮೊಂಟೂರ್‌ನ ಕಥೆ ನಿಂತಿರುವುದೇ ಅವನ ಹೆದರಿಕೆಯ ಮೇಲೆ. ಮುಂದಿನ ತಿಂಗಳಿಗೂ ಬೇಕಾದ ನಾಯಕನಿಗೆ ಎರಡನೇ ಕಥೆಯಲ್ಲಿ ಬರುವ ಶಾಪವನ್ನು ಅಂಟಿಸಲೂ ಆಗುವುದಿಲ್ಲ.

ಈಗ ಇದನ್ನು ನಾವೇ ಕಾಮಿಕ್ ಮಾಡುವ ಕೆಲಸಕ್ಕೆ ಬರೋಣ. ಮೊದಲ ಕಥೆ ಎರಡು ಸಾವಿರ ಪದ ಮೀರುವುದಿಲ್ಲ, ಎಂಟು ಪುಟಕ್ಕೆ ಹೇಳಿ ಮಾಡಿಸಿದ್ದು. ಆದರೆ ಪುಟ ಹಂಚುವ ಮೊದಲು ಹೋವರ್ಡ್‌ಗೆ ಎದುರಾಗದ ಒಂದು ಪ್ರಶ್ನೆಗೆ ಉತ್ತರ ಬೇಕು. ಮನುಷ್ಯನ ಮೈ, ತೋಳನ ತಲೆ, ಅದರ ಮೇಲೆ ಮುಖವಾಡ. ಹೇಗೆ?

ಬೆಳೆದ ಬೂದು ತೋಳದ ತಲೆಬುರುಡೆ 23ರಿಂದ 28 ಸೆಂಟಿಮೀಟರ್ ಉದ್ದ, ಅದರಲ್ಲಿ ಸುಮಾರು ಅರ್ಧ ಮೂತಿಯೇ. ಮನುಷ್ಯನ ಕತ್ತಿನ ಮೇಲೆ ಅದನ್ನು ಕೂರಿಸಿದರೆ ಮೂತಿ ಮುಂದಕ್ಕೆ ಅರ್ಧ ಗೇಣಿಗಿಂತ ಹೆಚ್ಚು ಚಾಚಿಕೊಳ್ಳುತ್ತದೆ. ಮುಖಕ್ಕೆ ಅಂಟಿದ ಚಪ್ಪಟೆ ಮುಖವಾಡ ಅಸಾಧ್ಯ. ಹಾಗೆ ಬರೆದು ಆಮೇಲೆ ಮೂತಿ ತೋರಿಸಿದರೆ ಓದುಗ ಹಿಂದಿನ ಪುಟ ತಿರುವಿ ನೋಡಿ ನಗುತ್ತಾನೆ. ಪ್ಲೇಗ್ ವೈದ್ಯರ ಕೊಕ್ಕಿನ ಮುಖವಾಡ ಹಾಕಿಸುವುದು ಕೆಲವರಿಗೆ ಹೊಳೆಯುವ ಉಪಾಯ. ಅದು ಹದಿನೇಳನೇ ಶತಮಾನದ್ದು, ಮೇಲಾಗಿ ಅಷ್ಟು ವಿಚಿತ್ರವಾದದ್ದನ್ನು ಕಂಡೂ ದ ಮೊಂಟೂರ್ ಸುಮ್ಮನೆ ಜೊತೆಗೆ ನಡೆದರೆ ಅವನೇ ದಡ್ಡನಾಗಿ ಕಾಣುತ್ತಾನೆ.

ಕೆಲಸ ಮಾಡುವ ಪರಿಹಾರ ಒಂದೇ: ಅಗಲ ಅಂಚಿನ ಟೋಪಿ, ಅಂಚಿನಿಂದ ಎದೆಯವರೆಗೆ ಇಳಿಬಿದ್ದ ಕಪ್ಪು ಬಟ್ಟೆ, ಮೇಲೆ ಎತ್ತರದ ಕಾಲರಿನ ನಿಲುವಂಗಿ. ಟೋಪಿಯ ಅಂಚು ಮುಂದಕ್ಕೆ ಕನಿಷ್ಠ ಮೂತಿಯಷ್ಟೇ ಚಾಚಿರಬೇಕು. ಬಟ್ಟೆಯ ಮಡಿಕೆಗಳು ನೇರವಾಗಿ ಇಳಿಯದೆ ನಡುವೆ ಎಲ್ಲೋ ಒಂದು ಉಬ್ಬಿಗೆ ತಾಕಿ ಎರಡು ಕಡೆ ಜಾರಬೇಕು. ಆ ಉಬ್ಬು ಏನು ಅಂತ ಮೊದಲ ಓದಿಗೆ ಗೊತ್ತಾಗುವುದಿಲ್ಲ, ಎರಡನೇ ಓದಿಗೆ ಬೇರೆ ಏನೂ ಕಾಣುವುದಿಲ್ಲ. ಅವನನ್ನು ಪಕ್ಕದಿಂದ ಮಾತ್ರ ಎಂದೂ ಬರೆಯಬಾರದು. ಹಿಂದಿನಿಂದ, ಮುಕ್ಕಾಲು ಬೆನ್ನು ಕಾಣುವಂತೆ, ಇಲ್ಲವೇ ತಲೆ ಪ್ಯಾನೆಲ್‌ನ ಮೇಲಂಚಿಗೆ ಕತ್ತರಿಸುವಂತೆ.

ಇನ್ನು ಪುಟಗಳು. ಅಚ್ಚಿನ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಕ್ಕೆ, ಸಮಸಂಖ್ಯೆಯದು ಎಡಕ್ಕೆ. ಪುಟ ತಿರುವಿದಾಗ ಮೊದಲು ಕಣ್ಣಿಗೆ ಬೀಳುವುದು ಎಡಪುಟ. ಬಚ್ಚಿಟ್ಟದ್ದನ್ನು ತೋರಿಸಬೇಕಾದ್ದು ಸಮಸಂಖ್ಯೆಯ ಪುಟದಲ್ಲಿ ಮಾತ್ರ. ಐದನೇ ಪುಟದಲ್ಲಿ ತೋಳದ ತಲೆ ಬಂದರೆ ನಾಲ್ಕನೇ ಪುಟ ಓದುತ್ತಿರುವವನ ಬಲಗಣ್ಣಿಗೆ ಅದು ಆಗಲೇ ಬಿದ್ದಿರುತ್ತದೆ, ನಾಲ್ಕು ಪುಟದ ಕಷ್ಟ ನೀರುಪಾಲು. ಆದ್ದರಿಂದ ಮುಖವಾಡ ಕಳಚುವುದು ಆರನೇ ಪುಟದಲ್ಲಿ.

ಮೊದಲ ಪುಟಕ್ಕೆ ನಾಲ್ಕು ಪ್ಯಾನೆಲ್. ಮೇಲಿನ ಅರ್ಧ ಬರೀ ಕಾಡು, ಮನುಷ್ಯ ಕಿರುಬೆರಳಿನ ಉಗುರಿನಷ್ಟು. ಅಪರಿಚಿತ ಈ ಪುಟದಲ್ಲಿ ಕಾಣುವುದಿಲ್ಲ. ಕೊನೆಯ ಪ್ಯಾನೆಲ್‌ನಲ್ಲಿ ಅವನ ಮಾತಿನ ಬಲೂನ್ ಮಾತ್ರ, ಬಾಲ ಪ್ಯಾನೆಲ್ ಆಚೆಯ ಕತ್ತಲೆಗೆ. ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಆರು: ನಡಿಗೆ, ಮಾತು. ನಾಯಿ-ತೋಳದ ಮಾತು ಮೂರನೇ ಪುಟದ ನಡುವೆ ಬರಲಿ. ಮಾತಾಡುವವನನ್ನು ಅಲ್ಲಿ ತೋರಿಸಬೇಡಿ, ಕೇಳುತ್ತಿರುವವನ ಮುಖ ತೋರಿಸಿ. ಹರಕೆಯ ಮಾತು ಒಂದು ಬಲೂನ್. ದ ಮೊಂಟೂರ್‌ನ ಪ್ರಶ್ನೆ ಚಿಕ್ಕ ಬಲೂನ್. ತಿದ್ದಿಕೊಳ್ಳುವ ಮಾತು ಆ ಪ್ರಶ್ನೆಯ ಬಲೂನಿನ ಅಂಚನ್ನು ತುಳಿದುಕೊಂಡೇ ಬರಬೇಕು, ಮೂರೂ ಒಂದೇ ಪ್ಯಾನೆಲ್‌ನಲ್ಲಿ. ಬೇರೆ ಬೇರೆ ಪ್ಯಾನೆಲ್‌ಗೆ ಹಂಚಿದರೆ ನಡುವಿನ ಬಿಳಿ ಗಟಾರ ಒಂದು ಉಸಿರಿನ ಸಮಯ ಕೊಟ್ಟುಬಿಡುತ್ತದೆ, ಬಾಯಿತಪ್ಪಿದ ಗಾಬರಿ ಹೋಗಿ ಬಿಡುತ್ತದೆ. ‘ತೋಳ’ ಪದವನ್ನು ದಪ್ಪಕ್ಷರ ಮಾಡುವುದು ಇನ್ನೊಂದು ತಪ್ಪು. ಬಾಯಿತಪ್ಪಿ ಆಡಿದ್ದನ್ನು ಮುಚ್ಚಿಕೊಳ್ಳುವವನು ಒತ್ತಿ ಹೇಳುವುದಿಲ್ಲ.

ನಾಲ್ಕನೇ ಪುಟದಲ್ಲಿ ಇನ್ನೊಂದು ಕೆಲಸ ಮುಗಿಯಬೇಕು. ಅರ್ಧ ರೂಪದಲ್ಲಿರುವ ತೋಳಮಾನವನನ್ನು ಕೊಂದರೆ ಅದರ ಪ್ರೇತ ಕೊಂದವನ ಬೆನ್ನು ಹತ್ತುತ್ತದೆ ಎಂಬುದು ಈ ಕಥೆಗಳ ನಿಯಮ. ಗದ್ಯದಲ್ಲಿ ನಾಯಕ ಅದನ್ನು ಬೇಕಾದಾಗ ಒಂದು ವಾಕ್ಯದಲ್ಲಿ ನೆನೆಸಿಕೊಂಡರೆ ನಡೆಯುತ್ತದೆ. ಕಾಮಿಕ್ಸ್‌ನ ಕೊನೆಯ ಪುಟದಲ್ಲಿ, ಕೈಯಲ್ಲಿ ರಕ್ತದ ಕಠಾರಿ ಹಿಡಿದವನ ತಲೆಯ ಮೇಲೆ ಅದನ್ನೊಂದು ಉದ್ದ ಪೆಟ್ಟಿಗೆಯಲ್ಲಿ ತುಂಬಿದರೆ ಔಷಧಿ ಡಬ್ಬಿಯ ಸೂಚನೆ ಓದಿದ ಹಾಗಾಗುತ್ತದೆ. ನಾಲ್ಕನೇ ಪುಟದಲ್ಲಿ ಒಂದೇ ಒಂದು ನೆನಪಿನ ಪ್ಯಾನೆಲ್ ಸಾಕು: ಬೆಂಕಿ ಕಾಯಿಸುತ್ತಿರುವ ಮುದುಕ, ಕೇಳುತ್ತಿರುವ ಹುಡುಗ, ಎರಡು ಸಾಲು. ಅಂಚನ್ನು ಕೈಯಲ್ಲಿ ಎಳೆದ ಒರಟು ಗೆರೆ ಮಾಡಿ, ನೆನಪು ಎಂದು ತಾನಾಗಿ ತಿಳಿಯುತ್ತದೆ.

ಐದನೆಯದು ಮೌನದ ಪುಟ. ಮರಗಳ ನಡುವೆ ಬಯಲು, ಕತ್ತಿಯ ಹಿಡಿಗೆ ಸರಿದ ಕೈ, ಮೈಮೇಲೆ ಬಿದ್ದ ಅಪರಿಚಿತ, ಕೊನೆಯ ಪ್ಯಾನೆಲ್‌ನಲ್ಲಿ ಬಟ್ಟೆಯ ಅಂಚನ್ನು ಹಿಡಿದ ಬೆರಳು. ಆರನೆಯದರಲ್ಲಿ ಮೂರೇ ಪ್ಯಾನೆಲ್, ಮೇಲಿನ ಮೂರನೇ ಎರಡು ಪಾಲು ತಲೆಗೆ. ಏಳನೆಯದು ಹೊಡೆದಾಟ, ಏಳು ಪ್ಯಾನೆಲ್, ಉದ್ದುದ್ದ ಸೀಳಿದಂಥವು. ಎಂಟಕ್ಕೆ ನಾಲ್ಕು. ಒಟ್ಟು ನಲವತ್ತರ ಒಳಗೆ.

ಫೋನಿನ ಮೇಲೆ ಓದುವವರಿಗಾದರೆ ಎಡ-ಬಲದ ಲೆಕ್ಕವಿಲ್ಲ. ಬಟ್ಟೆ ಹಿಡಿದ ಬೆರಳಿಗೂ ತಲೆಗೂ ನಡುವೆ ಒಂದು ಪರದೆಯಷ್ಟು ಉದ್ದದ ಕಪ್ಪು ಖಾಲಿ ಬಿಡಿ. ಅದಕ್ಕಿಂತ ಕಡಿಮೆ ಬಿಟ್ಟರೆ ತೋಳದ ಕಿವಿ ಮೊದಲೇ ಇಣುಕುತ್ತದೆ, ಹೆಚ್ಚು ಬಿಟ್ಟರೆ ಚಿತ್ರ ಲೋಡ್ ಆಗಿಲ್ಲ ಅಂದುಕೊಳ್ಳುತ್ತಾರೆ.

ಮನುಷ್ಯ ತೋಳನಾಗುವ ದೃಶ್ಯದ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಬರೆಯುವವರಿಗೆಲ್ಲ ಇದರದ್ದೇ ಆಸೆ. ಒಂದೇ ಕೋನದಿಂದ ಆರು ಪ್ಯಾನೆಲ್: ಮನುಷ್ಯ, ಸ್ವಲ್ಪ ಕೂದಲು, ಇನ್ನಷ್ಟು ಕೂದಲು, ಮೂತಿ, ಹಲ್ಲು, ತೋಳ. ಸಿನಿಮಾದಿಂದ ಬಂದ ಅಭ್ಯಾಸ. ಸಿನಿಮಾದಲ್ಲಿ ಅದು ಸಮಯದಲ್ಲಿ ನಡೆಯುತ್ತದೆ. ಪುಟದ ಮೇಲೆ ಆರೂ ಹಂತ ಒಟ್ಟಿಗೇ ಕಾಣುವುದರಿಂದ ಜೀವವಿಕಾಸದ ಚಾರ್ಟ್ ಆಗುತ್ತದೆ. ಮೂರು ಪ್ಯಾನೆಲ್ ಮಾಡಿ, ಮೂರರಲ್ಲೂ ಬೇರೆ ಬೇರೆ ಅಂಗ ತೋರಿಸಿ: ಮರದ ತೊಗಟೆ ಹಿಡಿದ ಕೈ, ನೆಲದ ಮೇಲಿನ ನೆರಳು, ಕಣ್ಣು. ಮಧ್ಯದ್ದನ್ನು ಓದುಗನೇ ಕಟ್ಟಿಕೊಳ್ಳುತ್ತಾನೆ.

ಹೋವರ್ಡ್‌ನ ಮಟ್ಟಿಗಂತೂ ಇನ್ನೂ ಗಟ್ಟಿಯಾದ ಕಾರಣವಿದೆ. ತೋಳಮಾನವ ಎಂದರೆ ತೋಳನಾಗುವ ಮನುಷ್ಯನಲ್ಲ, ಮನುಷ್ಯನ ರೂಪ ತೊಡುವ ತೋಳ ಎಂದು ‘ವುಲ್ಫ್ಸ್‌ಹೆಡ್’ನಲ್ಲಿ ದ ಮೊಂಟೂರ್ ಬಿಡಿಸಿ ಹೇಳುತ್ತಾನೆ. ಹಾಗಿದ್ದ ಮೇಲೆ ನೋವಿನಿಂದ ಒದ್ದಾಡಿ ತೋಳನಾಗುವ ದೃಶ್ಯವೇ ಕಥೆಗೆ ವಿರುದ್ಧ. ಇಲ್ಲಿ ಬದಲಾವಣೆ ಎಂದರೆ ಅಂಗಿ ಬಿಚ್ಚಿದಷ್ಟು ಸಲೀಸಾಗಿ ಕಾಣಬೇಕು, ನೋವು ಮುಖದ ಮೇಲೆ ಮನುಷ್ಯನಾಗಿ ಇರುವಾಗ ಕಾಣಬೇಕು. ಬೆಳ್ಳಿಯ ಗುಂಡು, ಹುಣ್ಣಿಮೆಗೊಮ್ಮೆ ಬದಲಾಗುವ ಕಟ್ಟಳೆ ಗಟ್ಟಿಯಾದದ್ದು 1930-40ರ ದಶಕದ ಹಾಲಿವುಡ್ ಚಿತ್ರಗಳಿಂದ. ಅವನ್ನು 1925ರ ಕಥೆಯೊಳಗೆ ತುರುಕಬೇಕಾಗಿಲ್ಲ. ಚಂದ್ರನನ್ನು ಬರೆಯುವುದೇ ಆದರೂ ಲೆಕ್ಕ ತಪ್ಪಬಾರದು. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ನಡುರಾತ್ರಿಗೆ ಅದು ಆಕಾಶದ ಎತ್ತರದಲ್ಲಿರುತ್ತದೆ. ನಡುರಾತ್ರಿ ಮರಗಳ ಸಂದಿಯಿಂದ ಮೇಲೇಳುವುದು ಕೃಷ್ಣಪಕ್ಷದ ಅರ್ಧಚಂದ್ರ. ಪೂರ್ಣಚಂದ್ರ ದಿಗಂತದಲ್ಲಿ, ಅಡಿಯಲ್ಲಿ ‘ಮಧ್ಯರಾತ್ರಿ’ ಎಂಬ ಪೆಟ್ಟಿಗೆ: ಇಂಥ ಪ್ಯಾನೆಲ್ ಎಷ್ಟು ಬಂದಿವೆಯೋ ದೇವರೇ ಬಲ್ಲ.

ತೋಳದ ದೇಹವನ್ನೂ ಊಹೆಯಿಂದ ಬರೆಯಲಾಗದು. ಅದರ ಪಾಪೆ ಗುಂಡಗಿರುತ್ತದೆ, ನರಿಯ ಅಥವಾ ಬೆಕ್ಕಿನ ಹಾಗೆ ಸೀಳಲ್ಲ. ಸೀಳು ಪಾಪೆ ಹಾಕಿದರೆ ಕ್ರೂರವಾಗಿ ಕಾಣುತ್ತದೆ ನಿಜ, ತೋಳವಾಗಿ ಕಾಣುವುದಿಲ್ಲ. ಬಾಯ ತುಂಬ ಒಂದೇ ಸಮ ಚೂಪು ಹಲ್ಲು ಬರೆದರೆ ಮೊಸಳೆಯಾಗುತ್ತದೆ. ಮುಂದೆ ಚಿಕ್ಕ ಬಾಚಿಹಲ್ಲು, ಪಕ್ಕದಲ್ಲಿ ಉದ್ದ ಕೋರೆ, ನಡುವೆ ಸ್ವಲ್ಪ ಸಂದಿ, ಹಿಂದೆ ಮಾಂಸ ಕತ್ತರಿಸುವ ಅಗಲ ದವಡೆಹಲ್ಲು, ಒಟ್ಟು 42. ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದ ಹಾಗೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿ. ತೋಳ ಬೆರಳ ಮೇಲೆ ನಡೆಯುವ ಪ್ರಾಣಿ. ಮೊಣಕಾಲನ್ನೇ ಹಿಂದಕ್ಕೆ ಮುರಿದು ಬರೆದರೆ ಎರಡು ಕಾಲಲ್ಲಿ ನಿಂತ ತೋಳಮಾನವ ಕುರ್ಚಿಯಿಲ್ಲದೆ ಕೂತವನ ಹಾಗೆ ಕಾಣುತ್ತಾನೆ. ವಿಲ್‌ಫೇರ್ ಕಥೆಯಲ್ಲಿ ತಲೆ ಮಾತ್ರ ತೋಳದ್ದು, ಬೂಟು ಸೀಳುವ ತಾಪತ್ರಯವಿಲ್ಲ. ಎಲ್ಲಾ ಕಲಾವಿದರೂ ಉಗುರು ಸೇರಿಸಿಯೇ ಸೇರಿಸುತ್ತಾರೆ, ಬೇಡ. ಕೈಗವಸು ಹಾಕಿದ ಮನುಷ್ಯನ ಕೈ ಕಠಾರಿ ಹಿಡಿದಿರಲಿ, ಮೇಲೆ ಆ ತಲೆ ಇರಲಿ. ಹೊಂದದ ಎರಡನ್ನು ಒಟ್ಟಿಗೆ ಕಂಡಾಗ ಬರುವ ಭಯ ಬೇರೆ.

ಮಾದರಿಗೆ ಫೋಟೋ ಹುಡುಕುವ ಕನ್ನಡದ ಕಲಾವಿದರಿಗೆ ಒಂದು ಮಾತು. ನಮ್ಮಲ್ಲಿ ತೋಳ ಇದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ಧಾಮವಿದೆ, ಮೇಲುಕೋಟೆಯ ಧಾಮವನ್ನು ಮಾಡಿದ್ದೂ ತೋಳದ ಸಲುವಾಗಿಯೇ. ಆದರೆ ಅದು ಬಯಲುಸೀಮೆಯ ಭಾರತೀಯ ತೋಳ: ಸಣಕಲು ಮೈ, ತೆಳು ಕೂದಲು, ಮಣ್ಣಿನ ಬಣ್ಣ, ಉದ್ದಕಾಲು. ಫ್ರಾನ್ಸಿನ ಕಾಡಿನ ತೋಳ ಇನ್ನೂ ತೂಕದ್ದು, ಕತ್ತಿನ ಸುತ್ತ ದಪ್ಪ ಕೂದಲಿನ ಕಾಲರ್ ಇರುವಂಥದು. ಕೊಪ್ಪಳದ ಫೋಟೋ ಇಟ್ಟುಕೊಂಡು ಕರೋಲಸ್ ಲೆ ಲೂಪ್‌ನ ತಲೆ ಬರೆದರೆ ಕಿವಿ ದೊಡ್ಡದಾಗಿ, ಕತ್ತು ಸಣ್ಣದಾಗಿ ನಾಯಿಯ ಕಳೆ ಬಂದುಬಿಡುತ್ತದೆ. ಓಟದ ಭಂಗಿ, ತಲೆ ತಗ್ಗಿಸಿ ನಡೆಯುವ ರೀತಿಗಾದರೆ ಅದೇ ಫೋಟೋಗಳು ಚೆನ್ನಾಗಿಯೇ ಒದಗುತ್ತವೆ.

ಬಣ್ಣ ಬೇಕೇ? ನನ್ನ ಮತ ಬೇಡ. 1970ರ ದಶಕದ ಬಣ್ಣದ ಕಾಮಿಕ್ಸ್ ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚಾಗುತ್ತಿತ್ತು, ರಾತ್ರಿ ಎಂದರೆ ನೀಲಿ ಬಳಿಯುತ್ತಿದ್ದರು, ಕಪ್ಪು ಮಾಸಿ ಬೂದಿಯಾಗುತ್ತಿತ್ತು. 1974ರಲ್ಲಿ ಶುರುವಾದ ‘ಸ್ಯಾವೇಜ್ ಸ್ವೋರ್ಡ್ ಆಫ್ ಕಾನನ್’ ಪತ್ರಿಕೆ ದೊಡ್ಡ ಆಕಾರದ ಕಪ್ಪು-ಬಿಳುಪು ಮ್ಯಾಗಜೀನ್. ಕೋಡ್ ಮ್ಯಾಗಜೀನ್‌ಗಳಿಗೆ ಅನ್ವಯಿಸುತ್ತಿರಲಿಲ್ಲ, ರಕ್ತ ಹರಿಸಬಹುದಿತ್ತು. ಆದರೆ ನಿಜವಾದ ಲಾಭ ಶಾಯಿಯದ್ದು. ಬುಸೆಮಾನ ಪೆನ್ಸಿಲ್ ಮೇಲೆ ಆಲ್ಫ್ರೆಡೋ ಅಲ್ಕಾಲ ಎಳೆದ ನವಿರು ಗೆರೆಗಳನ್ನು ನೋಡಿ: ತೊಗಟೆ, ಕೂದಲು, ನೆರಳು ಎಲ್ಲವೂ ಒಂದೇ ಜಾತಿಯ ಗೆರೆ. ತೋಳಮಾನವ ಕಥೆಗೆ ಬೇಕಾದ್ದು ಇದೇ. ಮರದ ಬುಡದ ಗೆರೆಯೂ ತುಪ್ಪಟದ ಗೆರೆಯೂ ಒಂದೇ ಆಗಿದ್ದರೆ ಮರದ ಹಿಂದೆ ಏನಾದರೂ ನಿಂತಿದೆಯೇ ಎಂದು ಓದುಗ ಪ್ರತಿ ಮರವನ್ನೂ ಹುಡುಕುತ್ತಾನೆ. ಗೆರೆ ವಾಲುವ ದಿಕ್ಕು ಮಾತ್ರ ಬದಲಾಗಲಿ, ಮರಕ್ಕೆ ಮೇಲಿನಿಂದ ಕೆಳಕ್ಕೆ, ಮೈಗೆ ಹಿಂದಕ್ಕೆ ಓರೆಯಾಗಿ. ಪುಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಟ್ಟಿ ಕಪ್ಪು ತುಂಬಿದರೆ ಅಗ್ಗದ ಕಾಗದದಲ್ಲಿ ಹಿಂಬದಿಗೆ ಶಾಯಿ ಇಳಿದು ಕಾಣುತ್ತದೆ. ಪಕ್ಕಾ ಕಪ್ಪು ಆರನೇ ಪುಟಕ್ಕೆ ಉಳಿಸಿಟ್ಟುಕೊಳ್ಳುವುದು ಲೇಸು.

ಕನ್ನಡದಲ್ಲಿ ಮಾಡುವಾಗ ಅಕ್ಷರ ಕೂರಿಸುವುದರಲ್ಲೇ ಅರ್ಧ ಜಗ್ಗಾಟ. ಇಂಗ್ಲಿಷ್ ಕಾಮಿಕ್ಸ್ ಎಲ್ಲಾ ದೊಡ್ಡಕ್ಷರದಲ್ಲಿರುತ್ತದೆ, ಕೆಳಗೆ ಇಳಿಯುವ ಅಕ್ಷರ ಇಲ್ಲವೆನ್ನುವಷ್ಟು ಕಡಿಮೆ, ಸಾಲು ಒತ್ತೊತ್ತಾಗಿ ಕೂರುತ್ತದೆ. ನಮಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. 8.5 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಂತರ ಬೇಕೇ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹತ್ತಿ ಕೂರುತ್ತದೆ. ಇಂಗ್ಲಿಷಿನ ಐದು ಸಾಲು ಹಿಡಿಯುವ ಬಲೂನಿನಲ್ಲಿ ಕನ್ನಡದ ಮೂರು ಸಾಲು, ಕಷ್ಟಪಟ್ಟರೆ ನಾಲ್ಕು. ಪ್ಯಾನೆಲ್‌ಗೆ 35 ಪದದವರೆಗೆ ಎನ್ನುವ ಹಳೆಯ ಅಮೆರಿಕನ್ ಅಂದಾಜು ನಮಗೆ ಒಗ್ಗುವುದಿಲ್ಲ, 20 ಮೀರಿದರೆ ಚಿತ್ರಕ್ಕೆ ಜಾಗವಿರುವುದಿಲ್ಲ. ಐದು ಸೆಂಟಿಮೀಟರ್ ಅಗಲದ ಪ್ಯಾನೆಲ್‌ನಲ್ಲಿ ಸಾಲಿಗೆ ಸಿಗುವುದು 12-14 ಅಕ್ಷರ, ಅಂದರೆ ಎರಡು ಪದ. ‘ಅಟ್ಟಿಸಿಕೊಂಡುಬಂದಾಗ’ ಎಂಬಂಥದ್ದು ಬಂದರೆ ಒಂದೇ ಪದಕ್ಕೆ ಅರ್ಧಕ್ಕಿಂತ ಹೆಚ್ಚು ಸಾಲು ಹೋಯಿತು. ಅದನ್ನು ‘ಅಟ್ಟಿಸಿಕೊಂಡು’, ‘ಬಂದಾಗ’ ಎಂದು ಬಿಡಿಸಿ, ಬಲೂನಿನ ಹೊಟ್ಟೆಯ ಸಾಲಿಗೆ ಉದ್ದದ್ದು ಬರುವಂತೆ ಮಾತನ್ನೇ ಹಿಂದುಮುಂದು ಮಾಡಿ.

ಸಾಫ್ಟ್‌ವೇರ್ ವಿಷಯ: ಫೋಟೋಶಾಪ್, ಇಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದಾಗ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ ಫಾಂಟ್‌ನ ತಪ್ಪಲ್ಲ, ಅಕ್ಷರ ಜೋಡಿಸುವ ಎಂಜಿನ್ ಇಂಗ್ಲಿಷ್‌ಗೆ ನಿಂತಿದೆ ಅಂತ ಅರ್ಥ. ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಆಯ್ಕೆ ಮಾಡಿದರೆ ಸರಿಹೋಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ತಲೆನೋವಿಲ್ಲ. ಅಚ್ಚಿಗೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಔಟ್‌ಲೈನ್‌ಗೆ ಬದಲಿಸಿ, ತಿದ್ದಬಹುದಾದ ಪ್ರತಿ ಬೇರೆ ಇಟ್ಟುಕೊಳ್ಳಿ. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ‘ತೋಳ’ ಚೌಕಗಳಾಗಿ ಅಚ್ಚಾದರೆ ಯಾರನ್ನೂ ಬೈಯುವ ಹಾಗಿಲ್ಲ.

ಊಳಿಡುವ ಸದ್ದು ಫಾಂಟಿನಲ್ಲಿ ಬೇಡವೇ ಬೇಡ, ಕೈಯಲ್ಲೇ ಬರೆಯಿರಿ. ‘ಊಊಊಊ’ ಎಂದು ಅಕ್ಷರ ಸಾಲು ನಿಲ್ಲಿಸುವ ಬದಲು ಒಂದೇ ‘ಊ’ದ ಬಾಲವನ್ನು ಎಳೆದು ಮರಗಳ ಹಿಂದೆ ಹಾಯಿಸಿ ಮುಂದಿನ ಪ್ಯಾನೆಲ್‌ಗೆ ದಾಟಿಸಬಹುದು. ಈ ಅನುಕೂಲ ಇಂಗ್ಲಿಷ್ ಲಿಪಿಗಿಲ್ಲ.

ಎರಡನೇ ಕಥೆ ‘ವುಲ್ಫ್ಸ್‌ಹೆಡ್’ ಮೊದಲನೆಯದಕ್ಕಿಂತ ಹಲವು ಪಟ್ಟು ದೊಡ್ಡದು. 1999ರಲ್ಲಿ ಕ್ರಾಸ್ ಪ್ಲೇನ್ಸ್ ಕಾಮಿಕ್ಸ್ ಎಂಬ ಸಣ್ಣ ಪ್ರಕಾಶನ ಅದನ್ನು ಒಂದೇ ಸಂಚಿಕೆಯ ಕಾಮಿಕ್ ಮಾಡಿತು. ಈಗ ಮಾಡುವುದಾದರೆ 32 ಪುಟಕ್ಕಿಂತ ಕಡಿಮೆಗೆ ಕೈಹಾಕಬಾರದು. ಕಥೆ ನಡೆಯುವುದು ಆಫ್ರಿಕಾದ ಕರಾವಳಿಯ ಪೋರ್ಚುಗೀಸ್ ಕೋಟೆಯಲ್ಲಿ. ಹೇಳುವವನು ಪಿಯೆರ್ ಎಂಬ ಅತಿಥಿ, ಅವನ ಕಥೆಯೊಳಗೆ ದ ಮೊಂಟೂರ್ ತನ್ನ ಕಥೆ ಹೇಳುತ್ತಾನೆ. ಹೀಗೆ ಇಬ್ಬರ ನಿರೂಪಣೆ ಇರುವಲ್ಲಿ ಪೆಟ್ಟಿಗೆಗಳಿಗೆ ಎರಡು ಆಕಾರ ಕೊಡದಿದ್ದರೆ ‘ನಾನು’ ಯಾರು ಎಂದು ಐದನೇ ಪುಟಕ್ಕೆ ಗೊಂದಲ. ಪಿಯೆರ್‌ಗೆ ನೇರ ಅಂಚಿನ ಪೆಟ್ಟಿಗೆ, ದ ಮೊಂಟೂರ್‌ಗೆ ಅಂಚೇ ಇಲ್ಲದ ಅಕ್ಷರ ಕೊಟ್ಟರೆ ಸಾಕು.

ಅದಕ್ಕಿಂತ ದೊಡ್ಡ ತೊಡಕು, ಆ ಕೋಟೆ ನಿಂತಿರುವುದು ಗುಲಾಮರ ಮೇಲೆ. ಹೋವರ್ಡ್ 1920ರ ದಶಕದ ಟೆಕ್ಸಾಸಿನ ಕಣ್ಣಿನಿಂದ ಬರೆದಿದ್ದಾನೆ. ಕಪ್ಪು ಜನ ಅಲ್ಲಿ ಬಹುಮಟ್ಟಿಗೆ ಹೆಸರಿಲ್ಲದ ಗುಂಪು. ಮಾತಿನಲ್ಲಿ ಹೆಸರಿಲ್ಲದೆ ಸಾಯುವುದನ್ನು ಓದುಗ ದಾಟಿ ಹೋಗಬಹುದು, ಚಿತ್ರದಲ್ಲಿ ಸತ್ತವನಿಗೆ ಮುಖ ಇದ್ದೇ ಇರುತ್ತದೆ. ಆ ಮುಖವನ್ನು ಹಳೆಯ ವ್ಯಂಗ್ಯಚಿತ್ರದ ಅಚ್ಚಿನಲ್ಲಿ ಬರೆದರೆ ಪುಸ್ತಕ ಅಲ್ಲಿಗೇ ಸತ್ತಿತು. ಆ ಜನರನ್ನೇ ಪೂರ್ತಿ ತೆಗೆದುಹಾಕುವುದು ಇನ್ನೂ ಕೆಟ್ಟ ಉಪಾಯ, ಕೋಟೆ ಪ್ರವಾಸಿ ಬಂಗಲೆಯಾಗುತ್ತದೆ. ಕೋಟೆಯೊಳಗಿನ ಒಬ್ಬ ಆಫ್ರಿಕನ್ನನಿಗೆ ಹೆಸರು, ಮೂರು ನಾಲ್ಕು ಪುಟ, ರಾತ್ರಿ ಏನು ಓಡಾಡುತ್ತಿದೆ ಎಂಬುದು ಅತಿಥಿಗಳಿಗಿಂತ ಮೊದಲೇ ಗೊತ್ತಿರುವ ಕಣ್ಣು ಕೊಟ್ಟರೆ ಕಥೆಯ ಬಿಗಿಯೂ ಹೆಚ್ಚುತ್ತದೆ. 32 ಪುಟ ಬೇಕು ಎಂದದ್ದು ಅದಕ್ಕೇ.

ಹಕ್ಕಿನ ಮಾತು. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ಮುಗಿದು ಮೊದಲ ಕಥೆ 2021ರಲ್ಲಿ, ಎರಡನೆಯದು 2022ರಲ್ಲಿ ಸಾರ್ವಜನಿಕ ಸ್ವತ್ತಾಯಿತು. ಹೋವರ್ಡ್ ತೀರಿಕೊಂಡದ್ದು 1936ರಲ್ಲಿ, ನಮ್ಮ ಕಾಯಿದೆಯ ಅವಧಿ ಯಾವತ್ತೋ ಮುಗಿದಿದೆ. ಅನುವಾದ, ರೂಪಾಂತರ ಯಾರ ಅಪ್ಪಣೆಯೂ ಬೇಡ. ಆದರೆ ಅದು ಹೋವರ್ಡ್‌ನ ಪಠ್ಯಕ್ಕೆ ಮಾತ್ರ. ಮಾರ್ವೆಲ್‌ನ ಪುಟಗಳು, 1999ರ ಆ ಸಂಚಿಕೆ, ಅವುಗಳ ಸಂಭಾಷಣೆ, ಪುಟವಿನ್ಯಾಸ ಎಲ್ಲಕ್ಕೂ ಈಗಲೂ ಮಾಲೀಕರಿದ್ದಾರೆ. ಕಾನನ್ ಎಂಬ ಹೆಸರು ಟ್ರೇಡ್‌ಮಾರ್ಕ್ ಆಗಿದೆ, ಮಾರಾಟಕ್ಕೆ ಅನುಕೂಲ ಅಂತ ಮುಖಪುಟದಲ್ಲಿ ‘ಕಾನನ್ ಲೇಖಕನ ಕಥೆ’ ಎಂದು ಹಾಕುವ ಆಸೆ ಬಿಡಿ. ದ ಮೊಂಟೂರ್ ಎಂಬ ಹೆಸರು, ಟೋಪಿ, ಇಳಿಬಿದ್ದ ಬಟ್ಟೆ, ಅಷ್ಟು ಸಾಕು. ತೋಳದ ಚಿತ್ರ ಮಾತ್ರ ಮುಖಪುಟಕ್ಕೆ ಹಾಕಬೇಡಿ.